ಮದುವೆ ಕಾರ್ಡಿನ ಗ್ಯಾಸ್ಕೆಟ್

ಕೆ.ಆರ್. ಪೇಟೆಯ ಗ್ಯಾರೇಜೊಂದರಲ್ಲಿ ನನ್ನ ಸ್ಕೂಟರಿನ ಇಂಜಿನ್ನನ್ನು ಬಿಚ್ಚಿ ಹರಡಿದ್ದರು. ಮೆಕ್ಯಾನಿಕ್ ಪುಟ್ಟ ಡಬ್ಬಿಯೊಂದರ ಮುಚ್ಚಳ ತಿರುವಿ ತೆಗೆದ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದಂಥ ವಾಸನೆ, ಅದರ ಬೆನ್ನಿಗೇ ಸೀದ ಬೆಲ್ಲದ ಒಂದು ಎಳೆ. ಇಂಜಿನ್ನಿನ ಭಾಗಗಳ ನಡುವೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ಟಿಗೆ ಬಳಿಯುವ ಕಂದು ಅಂಟು, ಶೆಲ್ಲಾಕ್. ಎದ್ದು ರಸ್ತೆಗೆ ಬಂದು ನಿಂತೆ. ವಾಸನೆಯನ್ನು ನಾನು ನಂಬುತ್ತೇನೆ. ಅದು ಎಳೆದು ತರುವ ಚಿತ್ರಗಳನ್ನು ಎಷ್ಟು ನಂಬಬೇಕೋ ಗೊತ್ತಿಲ್ಲ. ಆಗ ನಾನು ಚಿಕ್ಕವಳು. ಆಮೇಲೆ ದೊಡ್ಡವರು ಹೇಳಿದ್ದನ್ನೂ ನಾನೇ ಕಂಡಿದ್ದೆಂದು ಸೇರಿಸಿಕೊಂಡಿರಬಹುದು.

ನಾಗಮಂಗಲದ ಕಡೆ ನಮ್ಮ ಹೊಲವಿತ್ತು, ಹೊಲದ ಪಕ್ಕದಲ್ಲೇ ಮನೆ. ರಸ್ತೆ ಅಗಲ ಮಾಡಿದಾಗ ಮನೆ ಹೋಯಿತು, ಬಾವಿಯನ್ನು ಮುಚ್ಚಿದರು. ಈಗ ಬಸ್ಸಿನಲ್ಲಿ ಹೋಗುವಾಗ ಆ ಜಾಗ ಯಾವುದೆಂದು ಹೇಳುವುದೂ ಕಷ್ಟ. ಆ ಮನೆಯ ನಡುಮನೆಯಲ್ಲಿ ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಗೋಣಿಚೀಲ ಹಾಸಿ ನೀರೆತ್ತುವ ಪುಟ್ಟ ಸೀಮೆಎಣ್ಣೆ ಇಂಜಿನ್ನನ್ನು ಬಿಚ್ಚುತ್ತಿದ್ದ. ಗ್ಯಾಸ್ಕೆಟ್ಟಿಗೆ ಅವನು ಪೇಟೆಗೆ ಹೋಗುತ್ತಿರಲಿಲ್ಲ. ಪಾಂಡವಪುರಕ್ಕೆ ಕೊಟ್ಟಿದ್ದ ಅತ್ತೆಯ ಮದುವೆಯಲ್ಲಿ ಮಿಕ್ಕ ಕಾರ್ಡುಗಳ ಕಟ್ಟೊಂದು ಅಟ್ಟದ ಮೇಲಿತ್ತು. ದಪ್ಪ ಕಾಗದ, ಮೂಲೆಗೆ ಅರಿಶಿನ. ಗಣಪತಿಯ ಚಿತ್ರವಿದ್ದ ತುಂಡನ್ನು ಮೊದಲು ಕತ್ತರಿಸಿ ಗೂಡಿನಲ್ಲಿಟ್ಟು ಕೈಮುಗಿಯುತ್ತಿದ್ದ. ಉಳಿದ ಕಾರ್ಡನ್ನು ಇಂಜಿನ್ನಿನ ಬಾಯಿಯ ಮೇಲಿಟ್ಟು ಗುಂಡುಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕಟಕ ಬಡಿದರೆ, ಬೋಲ್ಟಿನ ತೂತುಗಳ ಸಮೇತ ಅದೇ ಆಕಾರದ ಕಾಗದ ಬಿಡಿಸಿಕೊಳ್ಳುತ್ತಿತ್ತು. ಎರಡೂ ಬದಿಗೆ ಶೆಲ್ಲಾಕ್ ಬಳಿದು, ಬೆರಳಿಗೆ ಅಂಟುವಷ್ಟು ಆರಲು ಬಿಟ್ಟು, ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಿದ್ದ.

"ಮದ್ವೆ ಕಾಗ್ದ ಕುಯ್ದು ಇಂಜಿನ್ನಿಗೆ ಉಡ್ಸ್ತಾವ್ನೆ ನೋಡು" ಎಂದು ಅಜ್ಜಿ ಮೂಗಿಗೆ ಸೆರಗು ಹಿಡಿದು ಹೇಳುತ್ತಿದ್ದಳು.

"ಮದ್ವೆಗೆ ಬರ್ದೇ ಓದ ನೆಂಟ್ರ ಕಾರ್ಡು ಕಣವ್ವ. ಇಂಜಿನ್ನಾದ್ರೂ ಬಂದು ಉಣ್ಲಿ ಬುಡು" ಅನ್ನುತ್ತಿದ್ದ ಚಿಕ್ಕಪ್ಪ.

ಎಣ್ಣೆ ಸೋರುವ ಕಡೆ, ಸೀಮೆಎಣ್ಣೆ ಬರುವ ಕಡೆ ಆ ಕಾಗದ ವರ್ಷಗಟ್ಟಲೆ ತಾಳಿತ್ತು. ಆ ಸಲ ಹೊಗೆ ಹೋಗುವ ಬಾಯಿಯ ಗ್ಯಾಸ್ಕೆಟ್ಟು ಬಿಚ್ಚುವಾಗಲೇ ಪುಡಿಯಾಗಿ ಉದುರಿತು. ಅಲ್ಲಿಗೆ ಬೇಕಾದದ್ದು ತಗಡು ಹೊದಿಸಿದ ಗ್ಯಾಸ್ಕೆಟ್ಟು. ಚಿಕ್ಕಪ್ಪ ಅಲ್ಲಿಗೂ ಕಾರ್ಡನ್ನೇ ಬಡಿದು, ಅಂಟನ್ನು ಪದರದ ಮೇಲೆ ಪದರ ಬಳಿದ. ಅಪ್ಪ ಬಾಗಿಲಲ್ಲಿ ನಿಂತು ಹೇಳಿದ, "ಅದು ಬೆಂಕಿ ಬರೋ ಬಾಯಿ ಕಣ್ಲಾ."

"ಸಂತೆಗೋದಾಗ ತಗಡಿಂದು ತತ್ತೀನಿ. ಅಲ್ಲೀಗಂಟ ಇದು ತಡ್ಕತದೆ. ಸಸಿ ಒಣಗ್ತಾವೆ, ಸುಮ್ಕಿರಣ್ಣ."

ಅಂಗಳದಲ್ಲಿ ಓಡಿಸಿ ನೋಡಿದರು. ಚೆನ್ನಾಗಿಯೇ ಓಡಿತು. ಹೊಗೆ ಎಲ್ಲಾದರೂ ಸೋರಿದ್ದರೂ ಬಯಲು ಗಾಳಿಯಲ್ಲಿ ಯಾರಿಗೆ ಗೊತ್ತಾಗಬೇಕು? ನೀರು ತುಂಬ ಕೆಳಗಿದ್ದುದರಿಂದ ಇಂಜಿನ್ನನ್ನು ಬಾವಿಯೊಳಗಿನ ಕಲ್ಲುಚಾಚಿನ ಮೇಲೆ ಕೂರಿಸುತ್ತಿದ್ದರು. ಹೊಗೆ ಮಾತ್ರ ಉದ್ದದ ಕೊಳವೆಯಲ್ಲಿ ಮೇಲಕ್ಕೆ ಬರುತ್ತಿತ್ತು. ಬಾವಿಗಿಳಿದವರನ್ನು ಮೇಲಿಂದ ಆಗಾಗ ಕೂಗುವುದು ನಮ್ಮಲ್ಲಿ ವಾಡಿಕೆ. ಕೆಳಗಿದ್ದವರು "ಓ" ಅನ್ನಬೇಕು. ಅಂದು ಚಿಕ್ಕಪ್ಪ ಇಳಿದಾಗ ಕೂಗುತ್ತಿದ್ದವಳು ಅಜ್ಜಿ, ನಾನು ಅವಳ ಪಕ್ಕದಲ್ಲಿದ್ದೆ. ಮೊದಮೊದಲು ಚಿಕ್ಕಪ್ಪನ "ಓ" ಗಟ್ಟಿಯಾಗಿತ್ತು. ಆಮೇಲಿನದು ತಡವಾಗಿ ಬಂತು, ನಿದ್ದೆಗಣ್ಣಿನವರು ಅಂದ ಹಾಗೆ. ಅದರ ನಂತರ ಬರಲಿಲ್ಲ. ಇಂಜಿನ್ನು ಓಡುತ್ತಲೇ ಇತ್ತು, ತೊಟ್ಟಿಗೆ ನೀರು ಬೀಳುತ್ತಲೇ ಇತ್ತು. ಈಗಲೂ ನನ್ನನ್ನು ಹೆದರಿಸುವುದು ಅದೇ. ಎಲ್ಲವೂ ಸರಿಯಾಗಿ ನಡೆಯುತ್ತಿತ್ತು, ಉತ್ತರವೊಂದು ಇರಲಿಲ್ಲ.

ಅಪ್ಪ ಓಡಿಬಂದ. ಬಗ್ಗಿ ನೋಡಿದರೆ ಚಿಕ್ಕಪ್ಪ ಚಾಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದ, ತಲೆ ಎದೆಗೆ ಬಿದ್ದಿತ್ತು. ಅಪ್ಪ ತೊಟ್ಟಿಯ ನೀರನ್ನು ಬಿಂದಿಗೆ ಬಿಂದಿಗೆ ಇಂಜಿನ್ನಿನ ಮೇಲೆ ಸುರಿದ. ಅದು ಕೆಮ್ಮಿ ನಿಂತಿತು. ಹೊಂಗೆಯ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಬಾವಿಯ ಗಾಳಿ ಕದಲುವಂತೆ ಮೇಲಕ್ಕೂ ಕೆಳಕ್ಕೂ ಎಳೆದಾಡಿದ. ಇನ್ನು ಇಳಿಯಬೇಕು. ಇಲ್ಲಿ ನನಗೆ ಸ್ಪಷ್ಟವಾಗಿ ಕಾಣುವುದು ಎರಡು ಕೈ. ಅಜ್ಜಿಯ ಬಳೆಗಳ ಕೈ, ಅಪ್ಪನ ಎಣ್ಣೆಯಾದ ಕೈ, ಒಂದಕ್ಕೊಂದು ಸಿಕ್ಕಿಕೊಂಡು, ಉಗುರು ಬೆಳ್ಳಗಾಗುವಷ್ಟು ಬಿಗಿ. ಎಷ್ಟು ಹೊತ್ತು? ಒಂದು ಉಸಿರಿನಷ್ಟೋ, ಬಿಸಿಲು ಸರಿಯುವಷ್ಟೋ ತಿಳಿಯದು. ಕೊನೆಗೆ ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಮೇಲೆ ತಂದಾಗ ಚಿಕ್ಕಪ್ಪನ ಮೈ ಇನ್ನೂ ಬೆಚ್ಚಗಿತ್ತು. ಆದರೆ ಅವನು ಉಳಿಯಲಿಲ್ಲ. ಹೊಗೆಬಾಯಿಯ ಕಾರ್ಡು ಉರಿದು ಕರಿಯ ಅಂಚಷ್ಟೇ ಉಳಿದಿತ್ತಂತೆ, ವಿಷದ ಹೊಗೆಯೆಲ್ಲ ಬಾವಿಯೊಳಕ್ಕೇ ಸೋರಿತ್ತಂತೆ.

"ದೊಡ್ಡೋನ್ನ ಉಳಿಸ್ಕಳಕ್ಕೆ ಚಿಕ್ಕೋನ್ನ ಬುಟ್ಬುಟ್ಲು" ಎಂದು ಊರಿನ ಹೆಂಗಸರು ಅಜ್ಜಿಗೆ ಕೇಳಿಸುವಂತೆಯೇ ಆಡಿಕೊಂಡರು. ಅತ್ತೆ ತವರಿಗೆ ಬರುವುದನ್ನು ಕಡಿಮೆ ಮಾಡಿದಳು. ಅಜ್ಜಿ ಯಾರಿಗೂ ಎದುರಾಡಲಿಲ್ಲ. ನಾನೂ ಅವಳ ಮಗ್ಗುಲಲ್ಲಿ ಮಲಗುವುದನ್ನು ಬಿಟ್ಟೆ, ಆ ಕೈಗೆ ಹೆದರಿ.

ಗ್ಯಾರೇಜಿನಿಂದ ಮನೆಗೆ ಬಂದ ಸಂಜೆ ಇದನ್ನು ಅಪ್ಪನಿಗೆ ಹೇಳಿದೆ. ಈಗ ಅವನು ನನ್ನ ಜೊತೆಗೇ ಇದ್ದಾನೆ. ಅವರೆಕಾಯಿ ಸುಲಿಯುತ್ತಿದ್ದವನು ತಲೆಯೆತ್ತಲಿಲ್ಲ. "ಅಜ್ಜಿ ನಿನ್ನ ಕೈ ಎಷ್ಟು ಹೊತ್ತು ಹಿಡಿದಿದ್ದಳಪ್ಪ?" ಎಂದು ಕೇಳಿದೆ.

"ಅವ್ವ ಇಡೀನಿಲ್ಲ ಕಣವ್ವ" ಅಂದ. ಇನ್ನೊಂದು ಕಾಯಿ ಸುಲಿದ. "ಓಗ್ಲಾ, ಇಳೀಲಾ ಅಂತ ತಳ್ತಿದ್ಲು. ನಾನೇ ಅವಳ ಕೈ ಇಡ್ಕಂಡಿದ್ದೆ. ಬುಡಕ್ಕಾಗ್ನಿಲ್ಲ."

ಯಾವ ಚಿತ್ರ ನಿಜ? ಅಪ್ಪನಿಗೂ ವಯಸ್ಸಾಗಿದೆ, ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ತಾಯಿಗೆ ಈಗ ಏನೋ ಸಲ್ಲಿಸುತ್ತಿರಬಹುದು. ನನ್ನ ಕಣ್ಣಿಗೆ ಈಗಲೂ ಎರಡು ಕೈಗಳಷ್ಟೇ ಕಾಣುತ್ತವೆ, ಹಿಡಿದದ್ದು ಯಾವುದೆಂದು ಕಾಣುವುದಿಲ್ಲ. ಅಜ್ಜಿ ಇದ್ದಿದ್ದರೂ ಕೇಳಿ ಪ್ರಯೋಜನವಿರಲಿಲ್ಲ. ನಾನೇ ಹಿಡಿದಿದ್ದೆ ಅನ್ನುತ್ತಿದ್ದಳು.