ಉಳಿದ ಒಂದು ಜೋಡಿ ಚಪ್ಪಲಿ

ಕಳೆದ ಭಾನುವಾರ ನಿಗಡಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಬೆಂಕಿ ಬಿತ್ತು. ಅಂದರೆ, ಒಂದು ಹಳೆಯ ಎಣ್ಣೆ ಡಬ್ಬಿಗೆ ಬಿತ್ತು. ಅದೂ ಕಮಿಟಿಯ ಅನುಮತಿ ಪಡೆದು.

ಫೈರ್ ಬ್ರಿಗೇಡಿನವರು ತರಬೇತಿ ಕೊಡಲು ಬಂದಿದ್ದರು. ಪಾರ್ಕಿಂಗಿನಲ್ಲಿ ಕೆಂಪು ಗಾಡಿ (ಇಲ್ಲಿಯ ಮರಾಠಿಯವರ ಬಾಯಲ್ಲಿ ಅದು 'ಬಂಬ'). ಕಲಿಸಲು ನಿಂತವರು ಸಿದ್ದಪ್ಪ. ಗುಲಬರ್ಗಾ ಕಡೆಯವರು, ಐವತ್ತರ ಆಸುಪಾಸು. ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು ಎಳೆಯುವುದು, ನಳಿಕೆ ಹಿಡಿಯುವುದು ತೋರಿಸಿದರು. ನನ್ನ ಸರದಿ ಬಂತು. ಡಬ್ಬಿ ಉರಿಯುತ್ತಲೇ ಇತ್ತು, ಪುಡಿ ಹಾರಿ ನನ್ನ ಪ್ಯಾಂಟು ಮಾತ್ರ ಬೆಳ್ಳಗಾಯಿತು.

"ಬುಡಕ್ಕ ಹೊಡೀರಿ ಸಾಹೇಬ್ರ. ತಲಿಗೆ ಹೊಡದ್ರ ಅದು ಕೇಳಂಗಿಲ್ಲ," ಅಂದರು. ಎಲ್ಲರೂ ನಕ್ಕರು.

ಆಮೇಲೆ ಒಂದು ಪ್ರಶ್ನೆ ಕೇಳಿದರು. ಈಗ ನಿಜವಾಗಿಯೇ ಬೆಂಕಿ ಬಿದ್ದಿದೆ ಅಂದುಕೊಳ್ಳಿ, ಗಾಡಿ ಬಂದಿದೆ. ಮೇಲೆ ಯಾರಾದರೂ ಉಳಿದಿದ್ದಾರಾ?

ನಮ್ಮ ಸೆಕ್ರೆಟರಿ ಕುಲಕರ್ಣಿಯವರು (ವಿಜಾಪುರದವರು, ಉತ್ತರ ಕೊಡಲು ಎಂದೂ ತಡ ಮಾಡಿದವರಲ್ಲ) ತಕ್ಷಣ ಹೇಳಿದರು: "ಯಾರೂ ಇಲ್ರಿ. ಎಲ್ಲಾರೂ ಕೆಳಗ ಬಂದೇವಿ."

"ನೋಡಿ ಬಂದ್ರೇನ್ರಿ?"

ಕುಲಕರ್ಣಿಯವರು ತಲೆ ಎತ್ತಿದರು. ಎರಡನೇ ಮಹಡಿಯ ಬಾಲ್ಕನಿಯಿಂದ ಅವರ ತಾಯಿ ಕೈ ಬೀಸಿದರು.

ಮತ್ತೆ ನಗು. ನಾನೂ ನಕ್ಕೆ. ಆಗ ಸಿದ್ದಪ್ಪ ಒಂದು ಹಳೆಯ ಬೆಂಕಿಯ ವಿಷಯ ಎತ್ತಿದರು. ಎರಡು ವಾಕ್ಯ ಮುಗಿಯುವಷ್ಟರಲ್ಲಿ ನನಗೆ ಗೊತ್ತಾಯಿತು: ಇದು ನನ್ನ ಕಥೆ. ನಿಮಗೂ ಗೊತ್ತು, ಕೆಲವು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ಬರೆದಿದ್ದೆ. ಮರೆತವರಿಗಾಗಿ ಮತ್ತೊಮ್ಮೆ.

ತೊಂಬತ್ತರ ದಶಕ. ಪೇಠೆಯಲ್ಲಿ ಒಂದು ಹಳೆಯ ವಾಡೆ. ನಡುವೆ ಅಂಗಳ, ಸುತ್ತ ಬಾಡಿಗೆದಾರರ ಕೋಣೆಗಳು. ಅದರಲ್ಲೊಂದು ನನ್ನದು. ರಸ್ತೆಯ ಕಡೆ ಗಾದಿ ಅಂಗಡಿ. ಒಂದು ಸಂಜೆ ಅಲ್ಲಿಯ ಅರಳೆಗೆ ಕಿಡಿ ತಾಗಿತು. ಹೊಗೆ ಒಳಗಿನ ಮರದ ಮೆಟ್ಟಿಲು ಹಿಡಿದು ಮೇಲೆ ಹೋಯಿತು. ನಾವೆಲ್ಲ ಬರಿಗಾಲಲ್ಲಿ ಗಲ್ಲಿಗೆ ಓಡಿ ಬಂದೆವು. ಗಾಡಿ ಬಂತು. ವೈರ್‌ಲೆಸ್ ಹಿಡಿದ ಫೈರ್‌ಮನ್, ಮೇಲೆ ಯಾರಾದರೂ ಇದ್ದಾರಾ ಎಂದು ಕೇಳಿದ. ಇಲ್ಲ ಎಂಬ ಉತ್ತರ ಸಿಕ್ಕಿತು. ಅದು ಕಂಟ್ರೋಲ್ ರೂಮಿಗೆ ಹೋಯಿತು. ಹೊರಟಿದ್ದ ಏಣಿ ಗಾಡಿ ದಾರಿಯಿಂದಲೇ ಹಿಂತಿರುಗಿತು.

ಆದರೆ ಆ ಫೈರ್‌ಮನ್‌ಗೆ ಸಮಾಧಾನವಿಲ್ಲ. ಮೆಟ್ಟಿಲ ಬುಡದಲ್ಲಿ ಎಲ್ಲರ ಚಪ್ಪಲಿಗಳಿದ್ದವು (ವಾಡೆಯಲ್ಲಿ ಯಾರೂ ಚಪ್ಪಲಿ ಮೆಟ್ಟಿ ಮೇಲೆ ಹೋಗುತ್ತಿರಲಿಲ್ಲ). ಅವನ್ನೆಲ್ಲ ಬಾಚಿ ತಂದು ಗಲ್ಲಿಯಲ್ಲಿ ಸುರಿದು, ಅವರವರದು ಹಾಕಿಕೊಳ್ಳಿ ಅಂದ. ಹಾಕಿಕೊಂಡೆವು. ಒಂದು ಜೋಡಿ ಉಳಿಯಿತು. ನೀಲಿ ಪಟ್ಟಿಯ ಹವಾಯಿ, ಕಿತ್ತ ಪಟ್ಟಿಗೆ ಪಿನ್ನು. ಮೇಲಿನ ಮೂಲೆ ಕೋಣೆಯ, ನಾವೆಲ್ಲ 'ಕಾಕೂ' (ಚಿಕ್ಕಮ್ಮ) ಅನ್ನುತ್ತಿದ್ದವರದು. ಸೀರೆಗೆ ಫಾಲ್ ಹಚ್ಚಿ ಬದುಕುತ್ತಿದ್ದವರು. ಫೈರ್‌ಮನ್ ಮುಖಕ್ಕೆ ಒದ್ದೆ ಟವೆಲ್ ಸುತ್ತಿ ಮೇಲೆ ಹೋದ. ಅವರನ್ನು ಹೆಗಲ ಮೇಲೆ ಹೊತ್ತು ತಂದ.

ನನ್ನ ಬರಹ ಅಲ್ಲಿಗೆ ಮುಗಿದಿತ್ತು. ಚಂದದ ಮುಕ್ತಾಯ. ಪತ್ರಗಳೂ ಬಂದವು. ಮೂರನೇ ದಿನ ಕಾಕೂ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ನಾನು ಬರೆದಿರಲಿಲ್ಲ. ಬರೆದಿದ್ದರೆ ಚಪ್ಪಲಿಯ ಜಾಣತನದ ಗತಿ ಏನು? ಫೈರ್‌ಮನ್‌ಗೆ ದಪ್ಪ ಮೀಸೆ ಇತ್ತೆಂದು ಬರೆದಿದ್ದೆ. ಮೇಲೆ ಯಾರೂ ಇಲ್ಲ ಎಂದದ್ದು 'ಗುಂಪಿನಲ್ಲಿ ಯಾರೋ' ಎಂದೂ.

ಸಿದ್ದಪ್ಪ ಮೂರನೇ ದಿನವನ್ನು ಬಿಡಲಿಲ್ಲ. ಇನ್ನೊಂದನ್ನೂ ಬಿಡಲಿಲ್ಲ: "ವೈರ್‌ಲೆಸ್ ನನ್ನ ಕೈಯಾಗಿತ್ತು. ನೋಡದೇ ಮೆಸೇಜ್ ಕೊಟ್ಟಾವ ನಾನು."

ನಾನು ಅವರ ಮುಖದಲ್ಲಿ ಮೀಸೆ ಹುಡುಕಿದೆ.

ಚಹಾದ ಹೊತ್ತಿಗೆ ಅವರ ಪಕ್ಕ ಹೋಗಿ ನಿಂತೆ. ಆ ವಾಡೆಯಲ್ಲಿ ನಾನೂ ಇದ್ದೆ ಅಂದೆ. ಮೀಸೆ ಯಾವಾಗ ತೆಗೆಸಿದಿರಿ ಎಂದು ಕೇಳಿದೆ. (ಹೇಳಲು ಹೋದದ್ದೇನು, ಕೇಳಿದ್ದೇನು!)

"ಮೀಸಿ ಯಾವಾಗೂ ಬಿಟ್ಟಿಲ್ರಿ ನಾ."

ಕಪ್ಪು ಕೆಳಗಿಟ್ಟೆ. "ಮ್ಯಾಲ ಯಾರೂ ಇಲ್ಲ ಅಂತ ನಿಮಗ ಹೇಳಿದಾವ ನಾನ ರೀ."

ಕಾಕೂ ದಿನಾ ನಾಲ್ಕಕ್ಕೆ ಸೀರೆಗಳ ಗಂಟು ಹಿಡಿದು ಅಂಗಡಿಗೆ ಹೋಗುತ್ತಿದ್ದರು. ಅದು ವಾಡೆಗೆಲ್ಲ ಗೊತ್ತು. ಅವತ್ತು ಜ್ವರ ಬಂದು ಮಲಗಿದ್ದರು. ಅದು ಯಾರಿಗೂ ಗೊತ್ತಿಲ್ಲ. ಫೈರ್‌ಮನ್ ಕೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ಬ್ಯಾಂಕಿನವನು, ತಿಳಿದವನು. ಗೊತ್ತಿಲ್ಲ ಅನ್ನಲು ನಾಚಿಕೆಯೇ? 'ಕೋಣಿ ನಾಹಿ', ಯಾರೂ ಇಲ್ಲ, ಅಂದೆ. ಮರುಗಳಿಗೆ ನನ್ನದೇ ಮಾತು ವೈರ್‌ಲೆಸ್ಸಿನ ಗರಗರದ ನಡುವೆ, ಕಂಟ್ರೋಲ್ ರೂಮಿನವರ ದನಿಯಲ್ಲಿ ತಿರುಗಿ ಕೇಳಿತು. ಎಷ್ಟು ಖಚಿತವಾಗಿತ್ತೆಂದರೆ ನಾನೂ ನಂಬಿದೆ. (ನಿಜಕ್ಕೂ ಕೇಳಿತೋ, ಈಗ ಸೇರಿಸುತ್ತಿದ್ದೇನೋ? ಇಲ್ಲದ ಮೀಸೆ ಬರೆದವನ ಮಾತು, ಎಚ್ಚರದಿಂದ ಓದಿ.)

ಬೇರೆಯವರ ಪರವಾಗಿ ನಾವು ಎಷ್ಟು ಸಲೀಸಾಗಿ ಉತ್ತರ ಕೊಡುತ್ತೇವೆ. ಅವರಿಗೆ ಚಹಾ ಬೇಡ. ಅವರದು ಊಟ ಆಗಿದೆ. ಅವರು ಈ ಹೊತ್ತಿಗೆ ಮನೆಯಲ್ಲಿರುವುದಿಲ್ಲ. ಒಮ್ಮೆ ಬಾಗಿಲು ಬಡಿದು ನೋಡಲು ಎಷ್ಟು ಹೊತ್ತು ಬೇಕು?

ಸಿದ್ದಪ್ಪ ತಮ್ಮ ಕಪ್ಪನ್ನೂ ಕೆಳಗಿಟ್ಟರು. ಸಿಟ್ಟಾದರೆ ಚೆನ್ನಾಗಿತ್ತು ಅನ್ನಿಸಿತು. ಆಗಲಿಲ್ಲ.

"ನೀವು ನನಗ ಹೇಳಿದ್ರಿ, ನಾ ಕಂಟ್ರೋಲಿಗೆ ಹೇಳ್ದೆ. ಇಬ್ರೂ ಮೊದ್ಲ ಮ್ಯಾಲ ಹತ್ತಿ ನೋಡ್ಲಿಲ್ಲ," ಅಂದರು. ಗಾಡಿ ಹತ್ತುವ ಮುಂಚೆ ತಿರುಗಿದರು. "ನಾ ಹೋದಲ್ಲೆಲ್ಲಾ ಇದನ್ನ ಹೇಳ್ತೀನ್ರಿ. ನೀವು ಯಾರಿಗರೆ ಹೇಳೀರೇನು?"

ಹೇಳಿದ್ದೆ. ಸಾವಿರಾರು ಜನಕ್ಕೆ, ಅಚ್ಚು ಹಾಕಿಸಿ, ಬೇರೆ ಥರ ಹೇಳಿದ್ದೆ.

ಆ ಹಳೆಯ ಬರಹವನ್ನು ಕತ್ತರಿಸಿ ಇಟ್ಟುಕೊಂಡವರು ಯಾರಾದರೂ ಇದ್ದರೆ, 'ಗುಂಪಿನಲ್ಲಿ ಯಾರೋ' ಎಂಬುದನ್ನು ಹೊಡೆದುಹಾಕಿ, ಅಲ್ಲಿ ನನ್ನ ಹೆಸರು ಬರೆದುಕೊಳ್ಳಿ.