ಒಂದು ಸೌಟು ತೆಳಿ

ನಾನು ಚಿಕ್ಕವಳಿದ್ದಾಗ, ಸಿದ್ಧಕಟ್ಟೆಯ ನಮ್ಮ ಮನೆಯಲ್ಲಿ ಒಂದು ದಿನ ಅಪ್ಪನ ಊಟವನ್ನು ಬೆಂಕಿಗೆ ಹಿಡಿದು ಸುಟ್ಟರು. ಸುಟ್ಟದ್ದು ನನ್ನ ಅಕ್ಕ. ನಗಬೇಡಿ ಮಕ್ಕಳೇ, ಆ ದಿನ ನಮ್ಮ ಮನೆಯಲ್ಲಿ ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ.

ಅಪ್ಪ ಕೆಂಪು ಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದರು. ಕಡಿದ ಕಲ್ಲನ್ನು ಹೆಗಲಿಗೇರಿಸಿ ಲಾರಿಗೆ ತುಂಬುವಾಗ ಉಸ್ಸೆಂದವರಲ್ಲ. ಅಂಥವರು ವಿಷಮಶೀತ ಜ್ವರ ಬಂದು ಹಾಸಿಗೆ ಹಿಡಿದರು. ಜ್ವರವೇನೋ ಬಿಟ್ಟಿತು. ಮೂಡುಬಿದಿರೆಯ ಡಾಕ್ಟರು, ಇನ್ನು ಮೆತ್ತಗಿನ ಅನ್ನ ಕೊಡಬಹುದು ಎಂದು ಹೇಳಿ ಕಳಿಸಿದರು. ಆದರೆ ಅಜ್ಜಿ ಒಪ್ಪಬೇಕಲ್ಲ! ಹಿಂದೆ ಇದೇ ಜ್ವರ ಬಿಟ್ಟ ಮೇಲೆ ದೊಡ್ಡಪ್ಪ ಹಸಿವು ತಡೆಯಲಾರದೆ ಹೊಟ್ಟೆ ಬಿರಿಯುವಷ್ಟು ಉಂಡರಂತೆ. ಆ ಸಂಜೆಯೇ ತೀರಿಹೋದರಂತೆ. ಒಬ್ಬ ಮಗನನ್ನು ಹಾಗೆ ಕಳೆದುಕೊಂಡ ಅಜ್ಜಿ, ಇನ್ನೊಬ್ಬ ಮಗನಿಗೆ ಗಂಜಿಯ ಮೇಲೆ ನಿಲ್ಲುವ ತೆಳಿಯನ್ನಷ್ಟೇ ಕೊಡುತ್ತಿದ್ದರು. ಅದಕ್ಕೂ ಮತ್ತೆ ನೀರು ಬೆರೆಸಿ, ಹೊತ್ತಿಗೆ ಒಂದು ಸೌಟು.

ಅಪ್ಪ ದಿನದಿಂದ ದಿನಕ್ಕೆ ಕರಗಿದರು. ನಾನು ಅವರ ಪಕ್ಕದಲ್ಲಿ ಕುಳಿತು ಅವರ ಮುಂಗೈಯನ್ನು ನನ್ನ ಹೆಬ್ಬೆರಳು, ತೋರುಬೆರಳಿನಿಂದ ಸುತ್ತಿ ನೋಡುತ್ತಿದ್ದೆ. ಒಂದು ದಿನ ನನ್ನ ಆ ಪುಟ್ಟ ಬೆರಳುಗಳ ತುದಿಗಳು ಒಂದಕ್ಕೊಂದು ತಾಗಿಬಿಟ್ಟವು. ನನಗೆ ತುಂಬಾ ಹೆದರಿಕೆಯಾಯಿತು. ಓಡಿಹೋಗಿ ಅಕ್ಕನಿಗೆ ಹೇಳಿದೆ.

ಅಕ್ಕ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ತಿನ್ನುವ ವಸ್ತುವನ್ನು ಸುಟ್ಟು, ಆ ಬಿಸಿಯಿಂದ ನೀರು ಎಷ್ಟು ಕಾಯುತ್ತದೆಂದು ನೋಡಿದರೆ ಅದರೊಳಗಿನ ಶಕ್ತಿ ತಿಳಿಯುತ್ತದೆ ಎಂದು ಅವಳ ಮೇಷ್ಟ್ರು ಪಾಠ ಮಾಡಿದ್ದರು. ಬೆಳಿಗ್ಗೆ ಅವಳು ಬಾಡಿಸಿದ ಬಾಳೆಲೆಯ ಅಂಚು ಮಡಚಿ, ಒಂದು ಸೌಟು ತೆಳಿಯನ್ನು ಅದರಲ್ಲಿ ತೆಳ್ಳಗೆ ಹರಡಿ ಅಂಗಳದ ಬಿಸಿಲಿಗಿಟ್ಟಳು. ಒದ್ದೆ ಇದ್ದರೆ ಹೊತ್ತುವುದಿಲ್ಲವಲ್ಲ. ಕಾವಲು ನನ್ನದು.

ಅಂಗಳದ ನೆಲ ಕಾದು ಕಾಲು ಸುಡುತ್ತಿತ್ತು. ಗಾಳಿ ಪೂರ್ತಿ ನಿಂತಿತ್ತು. ಆಗ ಕಾಗೆಗಳು ಬಂದವು. ಮೊದಲು ಒಂದು, ಆಮೇಲೆ ಬೇಲಿಯ ಉದ್ದಕ್ಕೂ. ನಾನು ಕೋಲು ಬೀಸಿದರೆ ಹಾರಿ ಮತ್ತೆ ಅಲ್ಲೇ ಕೂರುತ್ತಿದ್ದವು. ಸದ್ದು ಕೇಳಿ ಹೊರಗೆ ಬಂದ ಅಜ್ಜಿ, ಎಲೆಯನ್ನೂ ಕಾಗೆಗಳನ್ನೂ ನೋಡಿ ಬಾಗಿಲಿಗೆ ಒರಗಿಬಿಟ್ಟರು.

"ಎಂತ ಮಾಡಿದ್ದು ಮಾರಾಯ್ತಿ? ಮಗ ಒಳಗೆ ಉಸಿರಾಡ್ತಾ ಇದ್ದಾನೆ. ಈಗಲೇ ಕಾಗೆಗೆ ಎಲೆ ಇಟ್ಟದ್ದಾ?"

ಸತ್ತವರಿಗಷ್ಟೇ ಹಾಗೆ ಎಲೆ ಇಡುವುದು. ನನಗೂ ಅದು ಗೊತ್ತಿತ್ತು. ನಾನು ಕೋಲನ್ನು ಕೆಳಗೆ ಹಾಕಿಬಿಟ್ಟೆ. ಒಳಗಿನಿಂದ ಅಪ್ಪನ ಕೆಮ್ಮು ಕೇಳಿತು, ಆಮೇಲೆ ಅದೂ ಕೇಳಲಿಲ್ಲ.

ಅಕ್ಕ ಅಳುತ್ತಲೇ ಎಲೆಯನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಒಣಗಿದ ತೆಳಿ ಈರುಳ್ಳಿ ಸಿಪ್ಪೆಯಂಥ ಒಂದು ಪದರವಾಗಿತ್ತು, ಅಷ್ಟೇ. ಅದನ್ನು ಮಡಚಿ ಗೋಣಿಸೂಜಿಗೆ ಚುಚ್ಚಿ ದೀಪದಿಂದ ಹೊತ್ತಿಸಿ, ನೀರಿದ್ದ ಪುಟ್ಟ ಡಬ್ಬದ ಕೆಳಗೆ ಹಿಡಿದಳು. ಮಂಕಾಗಿ ಉರಿದು, ಕಪ್ಪಾಗಿ ಆರಿತು. ಸುಟ್ಟ ಅನ್ನದ ವಾಸನೆ ಮನೆಯಿಡೀ ತುಂಬಿತು.

"ಅಜ್ಜೀ, ಬೆರಳು ಹಾಕಿ ನೋಡಿ. ಇದು ಅಪ್ಪನ ಒಂದು ಹೊತ್ತಿನ ಊಟ."

ಅಜ್ಜಿ ಬೆರಳು ಅದ್ದಿದರು. ನೀರು ತಣ್ಣಗೇ ಇತ್ತು.

ಅಕ್ಕ ನೀರು ಬದಲಿಸಿ, ಈ ಸಲ ಸಿಪ್ಪೆ ತೆಗೆದ ಒಂದೇ ಒಂದು ಗೇರುಬೀಜವನ್ನು ಸೂಜಿಗೆ ಚುಚ್ಚಿದಳು. ಅದು ಹಣತೆಯಂತೆ ಉರಿಯಿತು. ಉರಿಯುತ್ತಲೇ ಇತ್ತು. ಡಬ್ಬದ ತಳ ಮಸಿಯಾಯಿತು. ಅಜ್ಜಿ ಮತ್ತೆ ಬೆರಳು ಅದ್ದಿದವರು ಚುರ್ರೆಂದಾಗ ಹಿಂದಕ್ಕೆ ಎಳೆದುಕೊಂಡರು. ಆ ಬೆರಳನ್ನು ಸೆರಗಿನಲ್ಲಿ ಸುತ್ತಿ ಹಿಡಿದರು.

ಅಷ್ಟರಲ್ಲಿ ಅಮ್ಮ ಅನ್ನವನ್ನು ನುಣ್ಣಗೆ ಕಿವುಚಿ, ತುಪ್ಪ ಬೆರೆಸಿ ತಂದಿದ್ದಳು. ಅಜ್ಜಿ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡರು.

"ಇಲ್ಲಿ ಕೊಡು. ನಾನೇ ತಿನ್ನಿಸ್ತೇನೆ. ಎಂತಾದರೂ ಆದ್ರೆ ನನ್ನ ಕೈಯಿಂದಲೇ ಆಗಲಿ. ಸುಟ್ಟು ತೋರಿಸಿದ ಈ ಮಗುವಿನ ತಲೆಗೆ ಬರುವುದು ಬೇಡ."

ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಮತ್ತೆ ನೋಡಿಲ್ಲ. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಜ್ಜಿ ಅವರ ಹೊಟ್ಟೆಯ ಮೇಲೆ ಕೈಯಿಟ್ಟು ಕದಲದೆ ಕುಳಿತಿದ್ದರು. ಅಕ್ಕ ತುಳಸಿಕಟ್ಟೆಯ ಹತ್ತಿರ ಮೊಣಕಾಲಿಗೆ ತಲೆಯಿಟ್ಟಿದ್ದಳು. ಬೇಲಿಯ ಮೇಲೆ ಒಂದು ಕಾಗೆ ಹೋಗದೆ ಕುಳಿತೇ ಇತ್ತು. ದೊಡ್ಡಪ್ಪ ಹೋದದ್ದೂ ಸಂಜೆಗೇ ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ನೆನಪಿತ್ತು. ದೀಪ ಹಚ್ಚುವ ಹೊತ್ತಿಗೆ ಅಪ್ಪ ಹೊರಳಿದರು. ಅಮ್ಮ ದೀಪವನ್ನು ಅವರ ಮುಖದ ಹತ್ತಿರ ಹಿಡಿದಳು.

"ಇನ್ನು ಸ್ವಲ್ಪ ಉಂಟಾ?" ಎಂದು ಅಪ್ಪ ಕೇಳಿದರು.

ಅಜ್ಜಿ ಗೊಳೋ ಎಂದು ಅತ್ತುಬಿಟ್ಟರು. ಅಪ್ಪ ಮುಂದೆ ಬಹಳ ಕಾಲ ಬದುಕಿದರು, ನನ್ನ ಮದುವೆಗೆ ಪಾಯಸವನ್ನೂ ಬಡಿಸಿದರು.

ಈಗ ನಿಮಗೆ ಏನನ್ನೂ ಸುಟ್ಟು ನೋಡಬೇಕಾಗಿಲ್ಲ. ಬಿಸ್ಕತ್ತಿನ ಪೊಟ್ಟಣದ ಹಿಂದೆಯೇ ಕ್ಯಾಲೊರಿ ಎಷ್ಟೆಂದು ಅಚ್ಚು ಹಾಕಿರುತ್ತಾರೆ. ಒಳ್ಳೆಯದೇ. ಆದರೆ ನಿಮ್ಮ ದೊಡ್ಡಕ್ಕ ರಜೆಗೆ ಬಂದಾಗಿನಿಂದ ಆ ಅಂಕೆ ಓದಿ ಓದಿ ಬಟ್ಟಲು ದೂರ ತಳ್ಳುತ್ತಾಳೆ. "ಅಜ್ಜೀ, ಇದರಲ್ಲಿ ತುಂಬಾ ಉಂಟು, ನನಗೆ ಬೇಡ" ಎನ್ನುತ್ತಾಳೆ. ತುಂಬಾ ಉಂಟು ಎಂದು ಗೊತ್ತಾದ ದಿನ ನಮ್ಮ ಮನೆಯಲ್ಲಿ ಒಂದು ಜೀವ ಉಳಿದಿತ್ತು.

ನಿನ್ನೆ ಜಡೆ ಹಾಕುವಾಗ ಅವಳ ಮುಂಗೈ ಹಿಡಿದೆ. ನನ್ನ ಬೆರಳುಗಳು ಒಂದಕ್ಕೊಂದು ತಾಗಿದವು, ಒಳಗೆ ಇನ್ನೂ ಜಾಗವಿತ್ತು. ನನಗೆ ಮತ್ತೆ ಅದೇ ಹೆದರಿಕೆಯಾಗಿದೆ. ಯಾರಾದರೂ ಹೋಗಿ ಅವಳನ್ನು ಕರೆದುಕೊಂಡು ಬನ್ನಿ, ಅನ್ನಕ್ಕೆ ತುಪ್ಪ ಹಾಕಿದ್ದೇನೆ.