ಬನ್ ಮೇಷ್ಟ್ರ ಹುಬ್ಬು

ಬೇಕರಿಯಲ್ಲಿ ಅವರನ್ನು ಎಲ್ಲರೂ ಬನ್ ಮೇಷ್ಟ್ರು ಅಂತಲೇ ಕರೆಯುವುದು. ಕೋಳಿ ಕೂಗುವ ಮುಂಚೆ ಎದ್ದು ಒಲೆ ಹೊತ್ತಿಸಿ, ಬನ್ನು ಬ್ರೆಡ್ಡು ಇಳಿಸಿ, ಕಿವಿಯ ಮೇಲೆ ಮೈದಾ ಮೆತ್ತಿಕೊಂಡೇ ಮಗಳಿಗೆ ಪಾಠ ಹೇಳಲು ಮನೆಗೆ ಓಡುವ ಮನುಷ್ಯನಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು?

ಮಗಳ ಶಾಲೆಯ ಪದ್ಧತಿಯೇ ಹಾಗೆ. ಚರ್ಚಿನ ಹಿಂದಿನ ಸಭಾಂಗಣದಲ್ಲಿ ವಾರಕ್ಕೆ ಮೂರು ದಿನ ತರಗತಿ, ಎರಡು ದಿನ ಮನೆಯಲ್ಲೇ ಕಲಿಕೆ. ದೇವರು ಮಕ್ಕಳನ್ನು ಕೊಟ್ಟದ್ದು ಅಪ್ಪ ಅಮ್ಮನ ಕೈಗೆ, ಕಲಿಸುವುದರಲ್ಲಿ ಅವರ ಪಾಲೂ ಇರಬೇಕು ಅನ್ನುವುದು ಆ ಚರ್ಚಿನವರ ನಂಬಿಕೆ. ಹೆಂಡತಿ ನರ್ಸು, ಹಗಲೆಲ್ಲ ಆಸ್ಪತ್ರೆ. ಹಾಗಾಗಿ ಮೇಷ್ಟ್ರಗಿರಿ ಇವರ ಕೊರಳಿಗೆ ಬಿತ್ತು. ಅಡುಗೆಮನೆಯ ಮೇಜು ಒರೆಸಿ, ಸಣ್ಣದೊಂದು ಪ್ರಾರ್ಥನೆ ಮಾಡಿ, ತೂಕಡಿಸುವ ಕಣ್ಣಿಗೆ ತಣ್ಣೀರು ಎರಚಿಕೊಂಡು ಕೂರುವರು. ಒಂದು ಪಾಠವನ್ನೂ ತಪ್ಪಿಸಿದವರಲ್ಲ. ಇಂಥ ಅಪ್ಪಂದಿರು ಹುಡುಕಿದರೂ ಸಿಗುವುದು ಕಷ್ಟ.

ಆದರೂ ಒಂದು ದಿನ ಟೀಚರಮ್ಮ ಕರೆಸಿದರು.

"ಮನೇಲಿ ಮಾಡಿದ ಲೆಕ್ಕ ಒಂದೂ ತಪ್ಪಿಲ್ಲ, ಇಲ್ಲಿ ಮಾಡಿದ್ದು ಒಂದೂ ಸರಿಯಿಲ್ಲ. ನೀವು ಹೇಳಿಕೊಡ್ತಿದೀರೋ, ಮಾಡಿಕೊಡ್ತಿದೀರೋ?"

"ಒಂದು ಉತ್ತರಾನೂ ಬಾಯಿಬಿಟ್ಟು ಹೇಳಿಲ್ಲ ಟೀಚರ್."

"ಪರೀಕ್ಷೇಲೂ ಹೀಗೇ ಆದ್ರೆ, ವಾರಪೂರ್ತಿ ನಡೆಯೋ ಶಾಲೆಗೆ ಸೇರಿಸಿಬಿಡಿ. ಮಗೂಗೆ ಅದೇ ಒಳ್ಳೇದು."

ಉಳಿದ ದಿನ ಮಗಳು ಶಾಲೆಯಿಂದ ಬರುವಷ್ಟರಲ್ಲಿ ಮೇಷ್ಟ್ರಿಗೆ ಗಾಢನಿದ್ದೆ. ಮಗಳು ಅವರ ಪಾಲಿಗೆ ಸಿಗುತ್ತಿದ್ದದ್ದೇ ಆ ಎರಡು ದಿನ. ಅದೂ ಹೋದರೆ ಏನುಳಿಯಿತು?

ರಜೆಯಲ್ಲಿ ಮನೆಯಲ್ಲಿದ್ದ ಹೆಂಡತಿ ಪಾಠ ನಡೆಯುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡುವ ಲೆಕ್ಕ. ಮಗಳು ಐದರಲ್ಲಿ ಎರಡು ಅಂತ ಬರೆದು ಅಪ್ಪನ ಮುಖ ನೋಡಿದಳು. ಅಪ್ಪನ ಹುಬ್ಬು ಹಣೆಗೇರಿತು. ಮಗಳು ಅಳಿಸಿದಳು. ಬೇರೆ ಬರೆದಳು, ಹುಬ್ಬು ಇಳಿಯಲಿಲ್ಲ, ಮತ್ತೆ ಅಳಿಸಿದಳು. ಹುಬ್ಬು ಇಳಿದಲ್ಲಿಗೆ ಲೆಕ್ಕವೂ ಮುಗಿಯಿತು.

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ರೀ, ನೀವು ಬಾಯಿ ಬಿಟ್ಟಿಲ್ಲ, ನಿಜ. ಆದ್ರೆ ನಿಮ್ಮ ಹುಬ್ಬಿಗೆ ಬೀಗ ಹಾಕೋರು ಯಾರು? ಅವಳು ಓದ್ತಿರೋದು ಲೆಕ್ಕ ಅಲ್ಲ, ನಿಮ್ಮ ಮುಖ."

ಅಂದಿನಿಂದ ಮೇಷ್ಟ್ರು ಲೆಕ್ಕ ಹೇಳಿಕೊಟ್ಟು, ಬೆನ್ನು ತಿರುಗಿಸಿ ನಿಂತು ಹಿಟ್ಟು ನಾದತೊಡಗಿದರು.

"ಅಪ್ಪಾ, ಸರಿನಾ?"

"ನೀನೇ ನೋಡು ಕಂದ."

"ಒಂದೇ ಸಲ ತಿರುಗಪ್ಪಾ."

ಅವರು ತಿರುಗಲಿಲ್ಲ. ಹಿಂದೆ ಮಗಳು ಮೂಗೆಳೆಯುವುದು ಕೇಳಿಸುತ್ತಿತ್ತು. ಸಂಕಟವನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡರು. ಹೆತ್ತವರಿಗೆ ಮುದ್ದು ಮಾಡುವುದು ಸುಲಭ, ಕೈಕಟ್ಟಿ ಸುಮ್ಮನಿರುವುದು ಕಷ್ಟ. ಆ ಕಷ್ಟವನ್ನು ಅವರು ವಾರಗಟ್ಟಲೆ ಪಟ್ಟರು. ಬರುಬರುತ್ತಾ ಮಗಳು ಪ್ರಶ್ನೆ ಕೇಳುವುದು ಕಡಿಮೆಯಾಯಿತು. ಬೆನ್ನ ಹಿಂದೆ ಪೆನ್ಸಿಲಿನ ಸದ್ದಷ್ಟೇ ಉಳಿಯಿತು.

ಪರೀಕ್ಷೆಯ ದಿನ ಹೆತ್ತವರೂ ಹಿಂದಿನ ಬೆಂಚಿನಲ್ಲಿ ಕೂರುವುದು ಆ ಶಾಲೆಯ ರೂಢಿ. ಟೀಚರಮ್ಮ ಬೋರ್ಡಿನ ಮೇಲೆ ಅದೇ ಜಾತಿಯ ಲೆಕ್ಕ ಬರೆದು ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟರು. ಅವಳು ಅಳಿಸದೆ, ನಿಲ್ಲಿಸದೆ ಬರೆದು ಮುಗಿಸಿದಳು. ಉತ್ತರ ಸರಿಯಾಗಿಯೇ ಇತ್ತು. ಆದರೆ ಟೀಚರಮ್ಮ ಬೇಕೆಂದೇ ಮುಖ ಸಿಂಡರಿಸಿದರು.

"ಇದು ಸರಿನಾ? ಇನ್ನೊಂದ್ಸಲ ನೋಡು."

ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ಹುಬ್ಬು ಕಾಣದಂತೆ ಮುಖ ತಗ್ಗಿಸಿದರು. ಹುಡುಗಿ ಬೋರ್ಡನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಓದಿದಳು. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

"ಸರಿಯಾಗೇ ಇದೆ ಟೀಚರ್. ನೀವು ಎಷ್ಟು ಮುಖ ಸಿಂಡರಿಸಿದ್ರೂ ಇದು ಬದಲಾಗಲ್ಲ."